ಅಲಿ ಬರೀದನ ಗೋರಿಯ ಸುತ್ತ ಬೆಳಗಿನ ವಾಕಿಂಗ್

ಮೊದಲ ದಿನ

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಮರುದಿನ ಬೀದರ್‌ನಲ್ಲಿ ಇಳಿಯಬಹುದು. ಸುಮಾರು 700 ಕಿಲೋಮೀಟರ್ ದಾರಿ. ಹೈದರಾಬಾದ್ ಮಾತ್ರ ಪಕ್ಕದ ಮನೆ, 140 ಕಿಲೋಮೀಟರ್ ಅಷ್ಟೇ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ, ಅದು ಊರಿನ ಮಾತಿನಲ್ಲಿ ಈಗಲೂ ಗೊತ್ತಾಗುತ್ತದೆ. ಸ್ಟೇಷನ್ ಹೊರಗೆ ನಿಂತಿದ್ದ ಆಟೋದವರು ನಮ್ಮನ್ನು ಕನ್ನಡದಲ್ಲಿ ಮಾತಾಡಿಸಿದರು. ಬಾಡಿಗೆಯ ವಿಷಯವನ್ನು ತಮ್ಮತಮ್ಮಲ್ಲಿ ಉರ್ದುವಿನಲ್ಲಿ ಚರ್ಚಿಸಿದರು. ಕೊನೆಗೆ ಒಬ್ಬರು ಫೋನ್ ಎತ್ತಿ ಮರಾಠಿಯಲ್ಲಿ ಯಾರನ್ನೋ ಬೈದರು.

ಡಿಸೆಂಬರ್ ತಿಂಗಳು. ಚಳಿ ಚೆನ್ನಾಗಿತ್ತು. ಜೊತೆಗೆ ಬಂದ ಗೆಳೆಯ ಹಂಪಿ ಹುಚ್ಚ. ಹಂಪಿಗೆ ಎಷ್ಟು ಸಲ ಹೋಗಿದ್ದಾನೆ ಅಂತ ಅವನಿಗೇ ಲೆಕ್ಕ ಸಿಗುವುದಿಲ್ಲ. 'ಹಂಪಿ ಹಾಳು ಮಾಡಿದವರು ಹೇಗೆ ಮಲಗಿದ್ದಾರೆ ನೋಡಿ ಬರೋಣ ಬಾ' ಅಂತ ಅವನೇ ಹೊರಡಿಸಿದ್ದು. ಮಾತು ಒರಟು. ಆದರೆ ಲೆಕ್ಕ ಸರಿಯಾಗಿದೆ. 1565ರ ಜನವರಿ 23ರಂದು ವಿಜಯನಗರದ ಸೈನ್ಯವನ್ನು ಸೋಲಿಸಿದ ಸುಲ್ತಾನರಲ್ಲಿ ಬೀದರ್‌ನ ಅಲಿ ಬರೀದನೂ ಒಬ್ಬ. ವಿಜಯಪುರದ ಆದಿಲ್ ಶಾಹಿಗಳು ಗೊತ್ತು, ಗೋಲ್ಕೊಂಡದ ಕುತುಬ್ ಶಾಹಿಗಳು ಗೊತ್ತು. ಈ ಬರೀದ್ ಶಾಹಿಗಳ ಬಗ್ಗೆ ಶಾಲೆಯಲ್ಲಿ ಒಂದು ಸಾಲು ಓದಿ ಬಿಟ್ಟಿದ್ದೆವು. ಅವನ ಗೋರಿ ಬೀದರ್ ಊರ ಪಶ್ಚಿಮಕ್ಕೆ, ಒಂದು ಪಾರ್ಕಿನಲ್ಲಿದೆ.

ಅಲ್ಲಿಗೆ ಹೋಗುವ ಮೊದಲು ಅವನು ಬದುಕಿದ ಮನೆ ನೋಡೋಣ ಅಂತ ಕೋಟೆಗೆ ಹೋದೆವು. ಬೀದರ್ ಕೋಟೆಯ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ. ಬಂಡೆಯನ್ನೇ ಕಡಿದು ಮಾಡಿದ ಕಂದಕ, ಅದೂ ಒಂದರ ಹಿಂದೆ ಒಂದರಂತೆ ಮೂರು ಸಾಲು. ಬಹಮನಿ ಸುಲ್ತಾನ ಅಹ್ಮದ್ ಶಾಹ ಕಲಬುರಗಿ ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಕಟ್ಟಿಸಿದ್ದು. ಒಳಗಿನ ಸೋಲಾ ಖಂಬ ಮಸೀದಿ ಅದಕ್ಕೂ ಸ್ವಲ್ಪ ಹಿಂದಿನದು, 1423-24ರದ್ದು.

ನಮಗೆ ಬೇಕಾಗಿದ್ದದ್ದು ರಂಗೀನ್ ಮಹಲ್. ಬೀಗ ಹಾಕಿತ್ತು. ಕಾವಲಿನವರನ್ನು ಹುಡುಕಿ, ಎರಡು ಮಾತು ಒಳ್ಳೆಯದಾಗಿ ಆಡಿ, ತೆಗೆಸಬೇಕಾಯಿತು. ಹೊರಗಿನಿಂದ ನೋಡಿದರೆ ಏನೂ ಅನಿಸದ ಕಟ್ಟಡ. ಒಳಗೆ ಕಾಲಿಟ್ಟರೆ ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚು. ಮುಂದಿನ ಕೋಣೆಯಲ್ಲಿ ಕಪ್ಪು ಕಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪು. ಕಾವಲಿನವರು ಟಾರ್ಚ್ ಹಾಕಿದ ಕೂಡಲೇ ಅದು ನೀಲಿ, ಗುಲಾಬಿ, ಹಸಿರು ಬಣ್ಣದಲ್ಲಿ ಮಿಂಚಿತು. ಈ ಅಲಂಕಾರ ಮಾಡಿಸಿದವನೇ ಅಲಿ ಬರೀದ್.

ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ರುಚಿ ಇತ್ತು ಬಿಡು ಈ ಮನುಷ್ಯನಿಗೆ' ಅಂದ. ಹಂಪಿಯವನಿಂದ ಅಷ್ಟು ಬಂದದ್ದೇ ದೊಡ್ಡದು.

ಅಲಿಯ ರಾಜ್ಯ ದೊಡ್ಡದೇನಲ್ಲ. ಬಹಮನಿ ರಾಜ್ಯ ಒಡೆದು ಐದಾದಾಗ ಬರೀದರಿಗೆ ಉಳಿದದ್ದು ಬೀದರ್ ಮತ್ತು ಸುತ್ತಲಿನ ಒಂದಿಷ್ಟು ನೆಲ. ಸುತ್ತ ಇದ್ದವರೆಲ್ಲ ಅವರಿಗಿಂತ ದೊಡ್ಡವರು. ಅಂಥ ಇಕ್ಕಟ್ಟಿನಲ್ಲಿ ಕೂತವನು ಕಲ್ಲಿಗೆ ಚಿಪ್ಪು ಕೂಡಿಸುವ ಕೆಲಸಕ್ಕೆ ಮನಸ್ಸು ಕೊಟ್ಟಿದ್ದ ಅನ್ನುವುದು ನನಗೆ ಇಷ್ಟವಾಯಿತು.

ಸಂಜೆ ಮಹಮೂದ್ ಗವಾನನ ಮದರಸಾ. 1472ರಲ್ಲಿ ಮುಗಿದ ಕಟ್ಟಡ. ಈಗ ಒಂದೇ ಮಿನಾರ್ ನಿಂತಿದೆ, ಅದರ ಮೇಲೆ ಅಲ್ಲಲ್ಲಿ ನೀಲಿ ಹೆಂಚು. ಔರಂಗಜೇಬನ ಕಾಲದಲ್ಲಿ ಒಳಗೆ ಮದ್ದು ಸಿಡಿದು ಅರ್ಧ ಭಾಗ ಹಾರಿಹೋಯಿತು. ಗವಾನ್ ಇರಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದವನು. ಆಗದವರು ಅವನ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ರಾಜದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಮುದುಕನ ತಲೆ ಹೋಯಿತು. ಸುಲ್ತಾನನೂ ಮರುವರ್ಷ ಸತ್ತ. ಪಟ್ಟಕ್ಕೆ ಬಂದವನು ಚಿಕ್ಕ ಹುಡುಗ ಮಹಮೂದ್ ಶಾಹ. ಗವಾನನಂಥ ಗಟ್ಟಿ ಮನುಷ್ಯ ಇಲ್ಲದ ಅಂಥ ಆಸ್ಥಾನದಲ್ಲಿ ಖಾಸಿಮ್ ಬರೀದ್ ಅನ್ನುವ ತುರ್ಕಿ ಅಧಿಕಾರಿ ಮೆಲ್ಲಗೆ ಮೇಲೆ ಬಂದ. ಅಲಿ ಬರೀದನ ಅಜ್ಜ ಅವನೇ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಗೆಳೆಯ ಬಿರಿಯಾನಿ ಹೇಳಿದ.

ಎರಡನೇ ದಿನ

ಬೆಳಿಗ್ಗೆ ಆರೂವರೆಗೆ ಬರೀದ್ ಶಾಹಿ ಪಾರ್ಕ್. ಉದಗೀರ್ ಕಡೆ ಹೋಗುವ ರಸ್ತೆಯಲ್ಲಿದೆ. ಅಷ್ಟು ಹೊತ್ತಿಗೆಲ್ಲ ಅರ್ಧ ಬೀದರ್ ಅಲ್ಲಿತ್ತು. ಮಫ್ಲರ್ ಸುತ್ತಿಕೊಂಡ ಹಿರಿಯರು, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬೂಟು ಹಾಕಿದ ಹೆಂಗಸರು, ಬುರ್ಖಾದಲ್ಲಿ ಬಿರುಸಾಗಿ ನಡೆಯುವ ತಾಯಿ ಮಗಳು. ಒಂದು ಮೂಲೆಯಲ್ಲಿ ಗುಂಪು ಕಟ್ಟಿಕೊಂಡು ಜೋರಾಗಿ ನಗುತ್ತಿದ್ದರು, ಡಾಕ್ಟರು ಹೇಳಿದ್ದಾರಂತೆ. ಇವರೆಲ್ಲರ ನಡುವೆ, ಎತ್ತರದ ಕಟ್ಟೆಯ ಮೇಲೆ ಅಲಿ ಬರೀದನ ಗೋರಿ.

ನಾನು ನೋಡಿದ ಸುಲ್ತಾನರ ಗೋರಿಗಳೆಲ್ಲ ಮುಚ್ಚಿದ ಕಟ್ಟಡಗಳು. ಸಣ್ಣ ಬಾಗಿಲು, ಒಳಗೆ ಕತ್ತಲೆ, ಬಾವಲಿ ವಾಸನೆ. ಇದು ಹಾಗಿಲ್ಲ. ನಾಲ್ಕು ಕಡೆ ನಾಲ್ಕು ದೊಡ್ಡ ಕಮಾನು, ಅವುಗಳ ಮೇಲೆ ಗುಮ್ಮಟ, ಅಷ್ಟೇ. ಗೋಡೆ ಅನ್ನುವುದು ಮೂಲೆಗಳಲ್ಲಿ ಮಾತ್ರ. ದೂರದಿಂದ ನೋಡಿದರೆ ಕಮಾನಿನ ಆಚೆಯ ಆಕಾಶ ಕಾಣುತ್ತದೆ. ಗುಮ್ಮಟ ಕೆಳಗಿನ ಕಟ್ಟಡಕ್ಕೆ ಸ್ವಲ್ಪ ಭಾರವಾಯಿತೇನೋ ಅನಿಸುತ್ತದೆ. ಆದರೆ ಹತ್ತಿರ ಹೋಗಿ ನಿಂತರೆ ಆ ದೂರು ಮರೆತುಹೋಗುತ್ತದೆ. ಒಂದು ಕಮಾನಿನಿಂದ ಒಳಗೆ ಬಂದ ಚಳಿಗಾಳಿ ಇನ್ನೊಂದರಿಂದ ಹೊರಗೆ ಹೋಗುತ್ತದೆ. ಸೂರ್ಯ ಪೂರ್ವದ ಕಮಾನಿನಿಂದ ನೇರ ಗೋರಿಯ ಮೇಲೆ ಬೀಳುತ್ತಾನೆ. ನಯವಾದ ಕಪ್ಪು ಕಲ್ಲಿನ ಗೋರಿ, ಇನ್ನೂ ಹೊಳೆಯುತ್ತದೆ.

ಪಶ್ಚಿಮಕ್ಕೂ ಗೋಡೆ ಇಲ್ಲದ್ದರಿಂದ ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡು ಇಲ್ಲಿಲ್ಲ. ಅದಕ್ಕೆ ಬದಲಾಗಿ ಪಕ್ಕದಲ್ಲೇ ಬೇರೆ ಮಸೀದಿ ಕಟ್ಟಿದ್ದಾರೆ. ದಕ್ಷಿಣಕ್ಕೆ ಎರಡಂತಸ್ತಿನ ಹೆಬ್ಬಾಗಿಲು. ಮೊದಲು ಸುತ್ತ ನಾಲ್ಕು ಭಾಗ ಮಾಡಿದ ತೋಟ ಇತ್ತು. ಅಂದರೆ ಇದು ಆಗಲೂ ತೋಟವೇ. ಈಗ ಅದರಲ್ಲಿ ಸಿಮೆಂಟಿನ ಬೆಂಚು, ಜಾರುಬಂಡಿ, ಕಾಂಕ್ರೀಟ್ ದಾರಿ ಸೇರಿವೆ.

ಒಳಗೋಡೆಯಲ್ಲಿ ಕತ್ತೆತ್ತಿ ನೋಡಬೇಕು. ಕಮಾನುಗಳ ಮೇಲೆ ಬಣ್ಣದ ಹೆಂಚಿನ ಪಟ್ಟಿ, ಅದರಲ್ಲಿ ಪರ್ಷಿಯನ್ ಪದ್ಯಗಳ ಚಂದದ ಬರಹ. ಹಿಜರಿ 984, ಅಂದರೆ 1576-77ರಲ್ಲಿ ಕಟ್ಟಡ ಮುಗಿಯಿತು. ಅಲಿ ಸತ್ತದ್ದು 1580ರಲ್ಲಿ. ಅಂದರೆ ತನ್ನ ಗೋರಿಯನ್ನು ತಾನೇ ನಿಂತು ಕಟ್ಟಿಸಿ, ಅದು ಮುಗಿದ ಮೇಲೂ ಕೆಲವು ವರ್ಷ ಬದುಕಿದ್ದ. ಬಂದು ನೋಡಿ, ಇಲ್ಲಿ ಈ ಹೆಂಚು ಸರಿಯಿಲ್ಲ, ಬದಲಾಯಿಸಿ ಅಂತ ಹೇಳಿರಬಹುದು. ರಂಗೀನ್ ಮಹಲ್ ನೋಡಿದ ಮೇಲೆ ಹಾಗೆ ಅನಿಸದೆ ಇರುವುದಿಲ್ಲ.

ಕೈಗೆ ಎಟಕುವ ಎತ್ತರದವರೆಗೆ ಮಾತ್ರ ಕತೆ ಬೇರೆ. ಗಾರೆಯ ಮೇಲೆ ಮೊಳೆಯಿಂದ ಕೆರೆದ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು, ಇಸವಿಗಳು. ಗಾರೆ ಉದುರಿದ ಕಡೆ ಒಳಗಿನ ಕಲ್ಲು ಕಾಣುತ್ತದೆ. ಕಟ್ಟೆಯ ಮೂಲೆಯಲ್ಲಿ ಗುಟ್ಕಾ ಪೊಟ್ಟಣ, ನೀರಿನ ಬಾಟಲಿ, ಯಾರದ್ದೋ ಹುಟ್ಟುಹಬ್ಬದ ಕೇಕಿನ ಡಬ್ಬಿ. ಹಾಳು ಮಾಡಿದರೆ ದಂಡ ಅಂತ ಹೇಳುವ ಫಲಕ ಸಿಕ್ಕಿತು. ಇಲ್ಲಿ ಮಲಗಿರುವವನು ಯಾರು, ಏನು ಮಾಡಿದ ಅಂತ ಹೇಳುವ ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ.

ಪಕ್ಕದ ಕಟ್ಟೆಯ ಮೇಲೆ ಸಾಲು ಸಾಲು ಸಣ್ಣ ಗೋರಿಗಳಿವೆ. ಅಲಿಯ ಜನಾನಾದ ಹೆಂಗಸರದ್ದು ಅಂತ ಊರಿನವರು ಹೇಳುತ್ತಾರೆ. ಯಾವುದರ ಮೇಲೂ ಹೆಸರಿಲ್ಲ. ಒಂದರ ಮೇಲೆ ಯಾರೋ ತಮ್ಮ ಸ್ವೆಟರ್ ತೆಗೆದಿಟ್ಟು ವಾಕಿಂಗ್ ಹೋಗಿದ್ದರು.

ಮೂರನೇ ಸುತ್ತು ಮುಗಿಸಿ ಕೂತ ಹಿರಿಯರೊಬ್ಬರನ್ನು ಮಾತಾಡಿಸಿದೆವು. ನಿವೃತ್ತಿಯಾದ ಮೇಲೆ ದಿನಾ ಬರುತ್ತಾರಂತೆ.

'ಇದು ಯಾರ ಗೋರಿ ರೀ?'

'ಬರೀದ್ ಶಾಹಿ.'

'ಅದು ಮನೆತನ ಅಲ್ವಾ? ಇವನು ಯಾರು?'

'ಅವ್ರೊಳಗ ಯಾರೋ ಒಬ್ಬಾವ ಇರ್ಬೇಕ್ರಿ. ನಮಗೇನು, ಛಲೋ ಗಾಳಿ ಬರ್ತದ, ಕೂಡ್ತೀವಿ.'

ನನಗೆ ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದೆ. ಗಾಳಿ ಬರಲಿ ಅಂತಲೇ ತಾನೇ ಅವನು ಗೋಡೆ ಬಿಟ್ಟು ಕಟ್ಟಿಸಿದ್ದು? ಕಟ್ಟಡ ಯಾತಕ್ಕೆ ಇದೆಯೋ ಅದಕ್ಕೆ ಇವರು ಬಳಸುತ್ತಿದ್ದಾರೆ. ಊರಿನ ಜನ ದಿನಾ ಬರುವುದರಿಂದಲೇ ಇದು ಇನ್ನೂ ಯಾರ ಸೈಟೂ ಆಗದೆ ಉಳಿದಿರಬಹುದು. ನನ್ನ ತಕರಾರು ಜನರ ಮೇಲಲ್ಲ. ನಾಲ್ಕು ಸಾಲಿನ ಫಲಕ ಬರೆಸಿ ನಿಲ್ಲಿಸಲು ಎಷ್ಟು ಖರ್ಚಾಗುತ್ತದೆ? ಹುಲ್ಲಿಗೆ ನೀರು ಬಿಡಲು, ಬೆಂಚಿಗೆ ಬಣ್ಣ ಹೊಡೆಯಲು ಹಣ ಇರುತ್ತದೆ. ಹುಲ್ಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಆ ಹಿರಿಯರಿಗೆ ನಾವೇ ಸ್ವಲ್ಪ ಕತೆ ಹೇಳಿದೆವು. ಇಲ್ಲೂ ಹೇಳಿಬಿಡುತ್ತೇನೆ.

ಅಜ್ಜ ಖಾಸಿಮ್ ಬರೀದ್ ಬಹಮನಿ ಸುಲ್ತಾನನನ್ನು ಅರಮನೆಯಲ್ಲಿ ಕೂರಿಸಿ ತಾನು ರಾಜ್ಯ ನಡೆಸಿದ. 1504ರಲ್ಲಿ ಅವನು ಸತ್ತ ಮೇಲೆ ಮಗ ಅಮೀರ್ ಬರೀದ್ ಅದನ್ನೇ ಇನ್ನೂ ಚೆನ್ನಾಗಿ ಮಾಡಿದ. ಅವನಿಗೆ ದಖ್ಖನಿನ ನರಿ ಅಂತಲೇ ಹೆಸರು. ಮಹಮೂದ್ ಶಾಹ 1518ರಲ್ಲಿ ಸತ್ತ ಮೇಲೆ ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ಬಹಮನಿ ಸುಲ್ತಾನರನ್ನು ಪಟ್ಟಕ್ಕೆ ಕೂರಿಸಿದ. ಇಷ್ಟೆಲ್ಲ ಮಾಡಿಯೂ ತಾನು ಮಾತ್ರ 'ಶಾಹ' ಅಂತ ಕರೆಸಿಕೊಳ್ಳಲಿಲ್ಲ.

ಈ ನರಿಯೂ ಒಮ್ಮೆ ಸಿಕ್ಕಿಬಿದ್ದ. ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹ ಬೀದರ್ ಮೇಲೆ ಬಂದಾಗ ಅಮೀರ್ ಉದಗೀರ್ ಕಡೆ ಬೀಡು ಬಿಟ್ಟಿದ್ದ. ಒಂದು ರಾತ್ರಿ ಆದಿಲ್ ಶಾಹಿ ಸರದಾರ ಅಸದ್ ಖಾನ್ ಲಾರಿ ಆ ಬೀಡಿಗೆ ನುಗ್ಗಿದ. ನೋಡಿದರೆ ಕಾವಲಿನವರೂ ಅಮೀರನೂ ಕುಡಿದು ಬಿದ್ದಿದ್ದರು. ಎಬ್ಬಿಸುವ ಗೋಜಿಗೇ ಹೋಗದೆ ಮಂಚ ಸಮೇತ ಹೊತ್ತುಕೊಂಡು ಬಂದರಂತೆ. ದಾರಿಯಲ್ಲಿ ಎಚ್ಚರವಾದಾಗ ದೆವ್ವ ಹೊತ್ತೊಯ್ಯುತ್ತಿದೆ ಅಂತ ಅಮೀರ್ ಕಿರುಚಿದ ಅನ್ನುವವರೆಗೂ ಕತೆ ಬೆಳೆದಿದೆ. ಬೆಳಗಾವಿಯಲ್ಲಿ ಅಸದ್ ಖಾನನ ದರ್ಗಾ ನೋಡಿದವರಿಗೆ ಈ ಹೆಸರು ಗೊತ್ತಿರುತ್ತದೆ, ಅದೇ ಅಸದ್ ಖಾನ್. ನಮ್ಮ ಹಿರಿಯರು ಈ ಕತೆಗೆ ನಕ್ಕಿದ್ದು ಪಕ್ಕದ ನಗೆಕೂಟಕ್ಕಿಂತ ಜೋರಾಗಿತ್ತು.

ಅಮೀರ್ 1542ರಲ್ಲಿ ಸತ್ತ. ಮಗ ಅಲಿ ಪಟ್ಟಕ್ಕೆ ಬಂದು, ಅಪ್ಪ ಅಜ್ಜ ಇಬ್ಬರೂ ಇಟ್ಟುಕೊಳ್ಳದ 'ಶಾಹ' ಬಿರುದನ್ನು ಇಟ್ಟುಕೊಂಡ. ಸುಮಾರು 38 ವರ್ಷ ಆಳಿದ. ಅಷ್ಟು ಸಣ್ಣ ರಾಜ್ಯವನ್ನು ಆದಿಲ್ ಶಾಹಿ, ನಿಜಾಮ್ ಶಾಹಿ, ಕುತುಬ್ ಶಾಹಿಗಳ ನಡುವೆ ಅಷ್ಟು ಕಾಲ ಉಳಿಸಿಕೊಂಡದ್ದು ಸುಮ್ನೆ ಮಾತಲ್ಲ. 1565ರಲ್ಲಿ ಅವರ ಜೊತೆ ಸೇರಿ ಕೃಷ್ಣೆಯ ದಂಡೆಗೆ ಹೋದ. ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯನ ತಲೆ ಬಿತ್ತು, ಹಂಪಿ ಹಾಳಾಯಿತು. ಅದಾಗಿ 12 ವರ್ಷದೊಳಗೆ ಈ ಗೋರಿ ಎದ್ದು ನಿಂತಿತು.

ಗೆದ್ದವನ ಮನೆತನ ಆಮೇಲೆ ಎಷ್ಟು ದಿನ ಇತ್ತು? 1619ರಲ್ಲಿ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ಬೀದರನ್ನು ನುಂಗಿಕೊಂಡ. ಅಂದರೆ ಜೊತೆಗೆ ಯುದ್ಧಕ್ಕೆ ಹೋದ ಗೆಳೆಯರ ಮನೆಯವರೇ ನುಂಗಿದ್ದು. 1657ರಲ್ಲಿ ಔರಂಗಜೇಬ್ ಬಂದ. ಆಮೇಲೆ ನಿಜಾಮರು.

'ಹಂಪಿಗೆ ಯುನೆಸ್ಕೋ ಬಂತು, ಇವನಿಗೆ ವಾಕಿಂಗ್ ಟ್ರ್ಯಾಕ್ ಬಂತು' ಅಂದ ಗೆಳೆಯ. ಅವನ ದನಿಯಲ್ಲಿ ನಾನು ನಿರೀಕ್ಷಿಸಿದ್ದ ಖುಷಿ ಇರಲಿಲ್ಲ. ಕಟ್ಟೆಯ ಮೇಲಿನ ಬಾಟಲಿಗಳನ್ನು ಒಂದು ಕವರಿಗೆ ತುಂಬುತ್ತಿದ್ದ.

ಬಿಸಿಲೇರಿದ ಮೇಲೆ ಉಳಿದವರ ಗೋರಿಗಳನ್ನು ಹುಡುಕಿದೆವು. ಅಲಿಯ ಮಗ ಇಬ್ರಾಹಿಮನದ್ದು ಅಪ್ಪನ ಗೋರಿಯ ನಕಲು, ಅಳತೆಯಲ್ಲಿ ಸಣ್ಣದು. ಅಜ್ಜ ಖಾಸಿಮನದ್ದು ಪುಟ್ಟ ಕಟ್ಟಡ. ನನಗೆ ಬಹಳ ಹಿಡಿಸಿದ್ದು ನರಿ ಅಮೀರನದ್ದು. ಗೋಡೆಗಳು ಎದ್ದಿವೆ, ಕಮಾನುಗಳಿವೆ, ಮೇಲೆ ಗುಮ್ಮಟ ಇಲ್ಲ. ಬಿದ್ದುಹೋದದ್ದಲ್ಲ, ಕಟ್ಟಲೇ ಇಲ್ಲ. ಅವನು ಇದ್ದಕ್ಕಿದ್ದಂತೆ ಸತ್ತ, ಕೆಲಸ ನಿಂತುಹೋಯಿತು. ಮಗ ಅಲಿ 38 ವರ್ಷ ಅಧಿಕಾರದಲ್ಲಿದ್ದ. ಅಪ್ಪನ ಗುಮ್ಮಟ ಮುಗಿಸಲಿಲ್ಲ, ತನ್ನದು ಮುಗಿಸಿಕೊಂಡ!

ಮಧ್ಯಾಹ್ನ ಊರೊಳಗೆ, ಚೌಬಾರಾ ಗೋಪುರದ ಆಸುಪಾಸಿನ ಬಿದರಿ ಅಂಗಡಿಗಳಿಗೆ ಹೋದೆವು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಸತುವೇ ಜಾಸ್ತಿ. ಅದರ ಮೇಲೆ ಚಿತ್ರ ಕೊರೆದು ಬೆಳ್ಳಿ ತಂತಿ ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಹಾಕಿದ ಬಿಸಿನೀರಿನಲ್ಲಿ ಅದ್ದಿದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಆಗಬೇಕು. ಕುಶಲಕರ್ಮಿ ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ರುಚಿ ನೋಡಿ ತೋರಿಸಿದರು. ಈ ಕಲೆಗೆ ಬೀದರ್‌ನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ನಾನು ಸಣ್ಣದೊಂದು ಡಬ್ಬಿ ಕೊಂಡೆ, ಬೆಲೆ ಕೇಳಿ ಗೆಳೆಯ ಹೊರಗೆ ಹೋಗಿ ನಿಂತ.

ಮೂರನೇ ದಿನ

ಊರ ಪೂರ್ವಕ್ಕೆ ಅಷ್ಟೂರು. ಬೀದರ್‌ನಿಂದ ಆಳಿದ ಬಹಮನಿ ಸುಲ್ತಾನರ ಗೋರಿಗಳು ಹೊಲಗಳ ನಡುವೆ ಒಂದೇ ಸಾಲಿನಲ್ಲಿವೆ. ಬರೀದರ ಕತೆ ತಿಳಿದ ಮೇಲೆ ಇಲ್ಲಿಗೆ ಬರಬೇಕು. ಮೊದಲೇ ಬಂದಿದ್ದರೆ ನಾವು ದೊಡ್ಡ ಗೋರಿಗಳನ್ನಷ್ಟೇ ನೋಡಿ ಹೋಗುತ್ತಿದ್ದೆವು.

ಅತಿ ದೊಡ್ಡ ಹೆಸರು 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹ ವಲಿಯದ್ದು. ಒಳಗೆ ಗೋಡೆ, ಗುಮ್ಮಟದ ತುಂಬ ಕೆಂಪು, ನೀಲಿ, ಬಂಗಾರದ ಬಣ್ಣದ ಚಿತ್ತಾರ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಈ ಗೋರಿ ಇನ್ನೂ ಜೀವಂತವಾಗಿದೆ. ಹೂವಿತ್ತು, ಚಾದರ ಇತ್ತು, ಊದುಬತ್ತಿ ಇತ್ತು. ಮುಸ್ಲಿಮರಿಗೆ ಇವನು ವಲಿ, ಸಂತ. ಇಲ್ಲಿನ ಲಿಂಗಾಯತರಲ್ಲಿ ಅನೇಕರಿಗೆ ಇವನು ಅಲ್ಲಮಪ್ರಭುವಿನ ಅವತಾರ. ಪ್ರತಿವರ್ಷ ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿಯ ಆಸುಪಾಸಿನಲ್ಲಿ ಉರುಸು ನಡೆಯುತ್ತದೆ. ಕಲಬುರಗಿ ಕಡೆಯ ಮಾಡಿಯಾಳದಿಂದ ಜಂಗಮರು ತಮ್ಮ ಜನರೊಂದಿಗೆ ಬಂದು ಶಂಖ ಊದಿ ಪೂಜೆ ಮಾಡುತ್ತಾರೆ.

ಒಂದು ಹೆಂಗಸು ಮಗುವನ್ನು ಎತ್ತಿಕೊಂಡು ಬಂದು, ತೆಂಗಿನಕಾಯಿ ಹೊರಗೆ ಒಡೆದು, ಒಳಗೆ ಹೋಗಿ ಹಣೆ ಹಚ್ಚಿ ಬಂದಳು. ಇವನ ಹೆಸರು ಅವಳಿಗೆ ಗೊತ್ತು. ಕೇಳಿದರೆ 'ಅಲ್ಲಮಪ್ರಭು' ಅಂದಳು. ಇದಕ್ಕೆ ಯಾವ ಇಲಾಖೆಯ ಫಲಕವೂ ಬೇಕಾಗಿಲ್ಲ.

ಅವನ ಮಗ ಅಲಾವುದ್ದೀನನ ಗೋರಿಯ ಹೊರಗೋಡೆಗೆ ಹೆಂಚಿನ ಅಲಂಕಾರ ಒಂದಿಷ್ಟು ಉಳಿದಿದೆ. ಅದರ ಪಕ್ಕದ್ದು ಹುಮಾಯೂನನದ್ದು. ಕ್ರೂರಿ ಅಂತ ಹೆಸರು ಪಡೆದವನು, ಆಳಿದ್ದು 1458ರಿಂದ 1461. ಸಿಡಿಲು ಬಡಿದು ಅವನ ಗುಮ್ಮಟ ಸೀಳಿ ಅರ್ಧ ಬಿದ್ದಿದೆ. ಕೊಯ್ದ ಈರುಳ್ಳಿಯ ಹಾಗೆ ಒಳಗಿನದೆಲ್ಲ ಕಾಣುತ್ತದೆ, ಗುಮ್ಮಟ ಎಷ್ಟು ದಪ್ಪ, ಇಟ್ಟಿಗೆ ಹೇಗೆ ಜೋಡಿಸಿದ್ದಾರೆ ಎಲ್ಲವೂ. ಪಾಪ ಮಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ನಮ್ಮ ಆಟೋದವರು ತೀರ್ಪು ಕೊಟ್ಟರು. ಪಾಪ ಮಾಡಿದ ಎಲ್ಲ ರಾಜರಿಗೂ ಸಿಡಿಲು ಹೊಡೆಯಬೇಕಿದ್ದರೆ ದಖ್ಖನಿನಲ್ಲಿ ಒಂದು ಗುಮ್ಮಟವೂ ಉಳಿಯುತ್ತಿರಲಿಲ್ಲ ಅಂದ ಗೆಳೆಯ.

ಇಲ್ಲಿಂದ ಮುಂದೆ ಸಾಮಾನ್ಯವಾಗಿ ಜನ ವಾಪಸ್ ತಿರುಗುತ್ತಾರೆ. ನಾವು ಕೊನೆಯವರೆಗೆ ನಡೆದೆವು. ಮಹಮೂದ್ ಶಾಹನದ್ದು ಇನ್ನೂ ಪರವಾಗಿಲ್ಲ, ಗಾತ್ರ ಇದೆ. ಅವನು 36 ವರ್ಷ ಹೆಸರಿಗಾದರೂ ಸುಲ್ತಾನನಾಗಿದ್ದ. ಆಮೇಲಿನ ಗೊಂಬೆ ಸುಲ್ತಾನರ ಗೋರಿಗಳು ಒಮ್ಮೆಲೇ ಕುಗ್ಗಿಹೋಗುತ್ತವೆ. ಅಹ್ಮದ್ ಶಾಹನ ಗೋರಿಯ ಒಂದು ಮೂಲೆಯಲ್ಲಿ ಇವುಗಳನ್ನು ಇಡಬಹುದು. ಪಟ್ಟಕ್ಕೆ ಕೂರಿಸಿದ್ದು ಅಮೀರ್ ಬರೀದ್, ಇಳಿಸಿದ್ದೂ ಅವನೇ. ಅವರ ಗೋರಿಗೆ ಯಾರು ಖರ್ಚು ಮಾಡುತ್ತಾರೆ?

ಕೊನೆಯವನು ಕಲೀಮುಲ್ಲಾ. ಪಾಣಿಪತ್ ಗೆದ್ದ ಬಾಬರನಿಗೆ ಗುಟ್ಟಾಗಿ ಪತ್ರ ಬರೆದು, ನನ್ನನ್ನು ಬಿಡಿಸು ಅಂತ ಕೇಳಿಕೊಂಡಿದ್ದ. ಬಾಬರನಿಗೆ ಅಲ್ಲಿನ ತಲೆನೋವೇ ಸಾಕಷ್ಟಿತ್ತು, ಅವನು ಬರಲಿಲ್ಲ. ಸುದ್ದಿ ಹೊರಬಿದ್ದ ಮೇಲೆ ಕಲೀಮುಲ್ಲಾ ವಿಜಯಪುರಕ್ಕೆ ಓಡಿದ, ಅಲ್ಲಿಂದ ಅಹ್ಮದ್‌ನಗರಕ್ಕೆ. ಅಲ್ಲೇ ಸತ್ತ. ಹೆಣವನ್ನು ಬೀದರ್‌ಗೆ ತಂದರು. ಸುಮಾರು 180 ವರ್ಷ ದಖ್ಖನನ್ನು ಆಳಿದ ಮನೆತನ ಹೀಗೆ ಮುಗಿಯಿತು. ಅಲಿ ಬರೀದ್ 'ಶಾಹ' ಅಂತ ಕರೆಸಿಕೊಳ್ಳುವ ಹೊತ್ತಿಗೆ ಬೇಡ ಅನ್ನಲು ಬಹಮನಿಗಳಲ್ಲಿ ಯಾರೂ ಉಳಿದಿರಲಿಲ್ಲ.

'ಪಾರ್ಕಿನವನಿಗೆ ಕಡೇಪಕ್ಷ ನೋಡಲು ಜನ ಇದ್ದಾರೆ' ಅಂದ ಗೆಳೆಯ. ನಾನು ಅದಕ್ಕೆ ಪೂರ್ತಿ ಒಪ್ಪಲಿಲ್ಲ, ಜನ ಇರುವುದರಿಂದಲೇ ಅಲ್ಲಿ ಗೋಡೆ ಕೆರೆದಿದ್ದಾರೆ, ಇಲ್ಲಿ ಯಾರೂ ಬರದ್ದರಿಂದ ಗಾರೆ ನೆಟ್ಟಗಿದೆ ಅಂದೆ. ಇದರ ಮೇಲೆ ವಾದ ಶುರುವಾಯಿತು. ಆಟೋದವರು ಹಾರ್ನ್ ಹೊಡೆದು, ಚೌಖಂಡಿ ನೋಡೋದು ಬ್ಯಾಡೇನ್ರಿ, ನನಗ ಮತ್ತ ಬಾಡಿಗಿ ಅದ ಅಂತ ಕೂಗಿದರು.

ಚೌಖಂಡಿ ದಾರಿಯಲ್ಲೇ ಸಿಗುತ್ತದೆ, ಇರಾನಿನ ಸಂತ ಖಲೀಲುಲ್ಲಾನ ಎಂಟು ಮೂಲೆಯ ಗೋರಿ. ಮೆಟ್ಟಿಲು ಹತ್ತಿ ಬಾಗಿಲಿನ ಸುತ್ತಲಿನ ಕಪ್ಪು ಕಲ್ಲಿನ ಬರಹ ನೋಡುತ್ತ ನಿಂತಾಗಲೂ ವಾದ ಮುಗಿದಿರಲಿಲ್ಲ. ರೈಲಿಗೆ ಇನ್ನೂ ಸಮಯ ಇತ್ತು. ಮುಂದಿನ ಸಲ ಅಹ್ಮದ್‌ನಗರಕ್ಕೆ ಹೋಗೋಣ, 1565ರ ಇನ್ನೊಬ್ಬ ಹುಸೇನ್ ನಿಜಾಮ್ ಶಾಹನ ಊರು ಅದು ಅಂತ ಗೆಳೆಯ ಆಟೋದಲ್ಲೇ ಫೋನ್ ತೆಗೆದು ಟಿಕೆಟ್ ನೋಡತೊಡಗಿದ.